ಅದನ್ನೇ ಕೇಳು

“ಅದನ್ನೇ ಕೇಳು,” ಎಂದುಬಿಟ್ಟ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಹೆಂಡತಿ ಕೇಳಿದ್ದು ಬಟ್ಟೆ ಒಗೆಯುವ ಮಿಷನ್ನಿನ ವಾರಂಟಿ ಕಾಗದ ಎಲ್ಲಿದೆ ಎಂದು, ಅಷ್ಟೆ. ಅವನು ಬೂಟಿನ ಲೇಸು ಕಟ್ಟುತ್ತಿದ್ದ. ಎದ್ದು ಹುಡುಕುವ ಬದಲು ತನ್ನ ಕೋಣೆಯ ಕಂಪ್ಯೂಟರಿನ ಪಾಸ್‌ವರ್ಡನ್ನೇ ಹೇಳಿಕೊಟ್ಟ.

“ಓಹೋ, ಕೊನೆಗೂ ನನ್ನ ಸವತಿಯ ಮುಖದರ್ಶನ!” ಎಂದಳು.

“ಕಾಗದದ ವಿಷಯ ಮಾತ್ರ ಕೇಳು.”

“ಇನ್ನೇನು ಕೇಳೋದಿರುತ್ತೆ ಅದರ ಹತ್ರ?”

ಆ ಚಾಟ್‌ಬಾಟನ್ನು ತಂದು ಕೂರಿಸಿದವನು ಅವಳ ತಮ್ಮ. “ಎಲ್ಲಾ ಈ ಡಬ್ಬಿಯೊಳಗೇ ಭಾವ. ಇಂಟರ್ನೆಟ್ ಕಿತ್ತು ಹಾಕಿದ್ರೂ ಮಾತಾಡುತ್ತೆ. ನಿಮ್ಮದು ಅಂತ ಒಂದಕ್ಷರ ಹೊಸಿಲು ದಾಟಲ್ಲ,” ಎಂದಿದ್ದ. ಆ ಕೊನೆಯ ಮಾತು ಅವನಿಗೆ ಹಿಡಿಸಿತು. ವೈದ್ಯರ ವರದಿಗಳು, ಹಳೆಯ ಇಮೇಲುಗಳು, ಬರೆದು ಕಳಿಸದೆ ಉಳಿದ ಪತ್ರಗಳು, ಪ್ರಯಾಣದ ಟಿಕೆಟ್ಟುಗಳು, ಹಳೆಯ ಪಾಸುಗಳು, ಎಲ್ಲವನ್ನೂ ಅದರ ಮುಂದೆ ಸುರಿದ. ಅದು ಬೇಸರವಿಲ್ಲದೆ ಓದಿಕೊಂಡಿತು. ಕೇಳಿದ್ದನ್ನು ತಕ್ಷಣ ಹುಡುಕಿ ಕೊಟ್ಟಿತು. ಗೊತ್ತಿಲ್ಲದಿದ್ದರೆ “ಈ ಕಾಗದಗಳಲ್ಲಿ ಇದಕ್ಕೆ ಆಧಾರ ಸಿಗಲಿಲ್ಲ” ಎಂದು ನೇರವಾಗಿ ಹೇಳಿತು. ಅಂಥ ಮಾತನ್ನು ತನ್ನ ಮೇಲಧಿಕಾರಿಯ ಬಾಯಿಂದ ಕೇಳಿದ ನೆನಪು ಅವನಿಗಿರಲಿಲ್ಲ. ಅದರ ಮೇಲೆ ಅವನಿಗೆ ಗೌರವ ಹುಟ್ಟಿತ್ತು. ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಪ್ರೀತಿಯೇ.

ಚೀಲ ಹೆಗಲಿಗೇರಿಸಿ ಬಾಗಿಲು ತೆಗೆದಾಗ ಅವಳು ಹಿಂದೆಯೇ ಬಂದಳು.

“ಸಂಜೆಯೊಳಗೆ ಆ ಆಸ್ಪತ್ರೆಗೆ ಉತ್ತರ ಹೇಳ್ಬೇಕು. ಹೋಗ್ಲಾ, ಬೇಡ್ವಾ?”

“ನಿನ್ನಿಷ್ಟ.”

“ಅಡ್ಡಗೋಡೆ ಮೇಲೆ ದೀಪ ಇಟ್ರಲ್ಲ.”

“ಬಸ್ಸಿಗೆ ಹೊತ್ತಾಯ್ತು.”

ಅವಳು ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರ್ ನೋಡುವವಳು; ಅಂದು ಅವಳಿಗೆ ವಾರದ ರಜೆ. ದೂರದ ಊರಿನ ಇನ್ನೊಂದು ಆಸ್ಪತ್ರೆ ಅವಳನ್ನು ವಿಭಾಗದ ಮುಖ್ಯಸ್ಥೆಯಾಗಿ ಕರೆದಿತ್ತು. ಹೋದರೆ ಅಲ್ಲಿಯೇ ಮನೆ ಮಾಡಬೇಕು. ಇಲ್ಲಿಗೆ ರಜೆಯಲ್ಲಿ ಬರುವುದು. ಜನರ ಕಣ್ಣೆದುರು ಗಾಜು ಬದಲಿಸುತ್ತ “ಇದು ಸ್ಪಷ್ಟಾನಾ, ಇದಾ?” ಎಂದು ದಿನವಿಡೀ ಕೇಳುವ ಅವಳು, ಮನೆಯಲ್ಲಿ ವಾರದಿಂದ ಒಂದೇ ಪ್ರಶ್ನೆ ಕೇಳುತ್ತಿದ್ದಳು. ಅವನಿಗೆ ಅವಳು ಹೋಗುವುದು ಬೇಡವಾಗಿತ್ತು. ಅದನ್ನು ಹೇಳಲು ಬಾಯಿ ತೆರೆದಾಗಲೆಲ್ಲ ‘ನಿನ್ನಿಷ್ಟ’ ಎಂದೇ ಬರುತ್ತಿತ್ತು.

ಔಷಧದ ಡಬ್ಬಿಯೊಳಗೆ ಮಡಿಚಿಡುವ ಚೀಟಿಯನ್ನು ಬರೆಯುವುದು ಅವನ ಕೆಲಸ. ಅಂದು ಮೇಜಿನ ಮೇಲಿದ್ದದ್ದು ಕೆಮ್ಮಿನ ಔಷಧ. ‘ಕೆಲವರಲ್ಲಿ ತಲೆಸುತ್ತು ಕಾಣಿಸಿಕೊಳ್ಳಬಹುದು’ ಎಂದು ಬರೆದ. ‘ಕೆಲವರಲ್ಲಿ’ ಎಂಬುದನ್ನು ಹೊಡೆದು ‘ಅಪರೂಪಕ್ಕೆ ಕೆಲವರಲ್ಲಿ’ ಎಂದು ಮಾಡಿದ. ಯಾರೂ ನಾಳೆ ಬಂದು ಕುತ್ತಿಗೆಪಟ್ಟಿ ಹಿಡಿಯಬಾರದು. ಈ ಕಲೆಯಲ್ಲಿ ಅವನನ್ನು ಮೀರಿಸುವವರು ಆ ಕಚೇರಿಯಲ್ಲಿರಲಿಲ್ಲ.

ಊಟದ ಹೊತ್ತಿಗೆ ಅವಳ ಫೋನ್ ಬಂತು.

“ರೀ, ಹಿಂದೆ ಅರ್ಜಿ ಹಾಕಿದ್ರಲ್ಲ, ಆ ದೊಡ್ಡ ಕಂಪನಿ ಕೆಲಸಕ್ಕೆ ನೀವು ಆಯ್ಕೆ ಆಗಿದ್ರಂತೆ?”

“ಯಾರು ಹೇಳಿದ್ದು?”

“ಅದೇ ಹೇಳ್ತು. ನಮ್ಮಪ್ಪ ಆಸ್ಪತ್ರೇಲಿದ್ದ ವಾರಾನೇ ಬೇಡ ಅಂತ ಬರೆದು ಹಾಕಿದ್ರಂತೆ. ರಾತ್ರಿ ಅವರ ಪಕ್ಕ ಇರೋಕೆ ಆಸ್ಪತ್ರೆಯವರು ಕೊಟ್ಟ ಪಾಸಿನ ಮೇಲೆ ನಿಮ್ಮ ಹೆಸರಿದೆಯಂತೆ.”

“ಕೇಳಿದ್ದು ವಾರಂಟಿ ಅಲ್ವಾ?”

“ಅದು ಆಗ್ಲೇ ಸಿಕ್ತು. ಆ ಕೆಲಸ ಸಿಗದಿದ್ರೆ ಹೋಗ್ಲಿ ಬಿಡಿ, ಅವರಿಗೇ ಯೋಗ್ಯತೆ ಇಲ್ಲ ಅಂತ ಆಗ ನಾನೇ ನಿಮಗೆ ಸಮಾಧಾನ ಮಾಡಿದ್ದೆನಲ್ರೀ! ಯಾಕೆ ಹೇಳ್ಲಿಲ್ಲ?”

“ಹಳೇ ಕಥೆ, ಬಿಡು.”

“ಎಷ್ಟು ಚೆನ್ನಾಗಿ ಹೇಳುತ್ತೆ ರೀ ಅದು. ಒಂದು ಸಲಾನೂ ಸಿಡುಕಲಿಲ್ಲ. ನಿಮ್ಮನ್ನ ಎಷ್ಟು ಅರ್ಥ ಮಾಡ್ಕೊಂಡಿದೆ ಗೊತ್ತಾ?”

ಅವಳ ದನಿಯಲ್ಲಿ ಬಹಳ ಕಾಲದಿಂದ ಕೇಳದ ಮೃದುತ್ವವಿತ್ತು. ಆ ಮೃದುತ್ವ ತನಗೆ ಸಲ್ಲಬೇಕೋ ಆ ಚಾಟ್‌ಬಾಟಿಗೋ ಎಂದು ಅವನಿಗೆ ತಿಳಿಯಲಿಲ್ಲ. ಮೊದಲು ಮೈಯೆಲ್ಲ ಬೆತ್ತಲಾದಂತೆ ಅನ್ನಿಸಿತು. ಆಮೇಲೆ ನಿಧಾನವಾಗಿ ಖುಷಿಯಾಯಿತು. ಬೇರೆಬೇರೆ ಕಡೆ ಬಿದ್ದಿದ್ದ ಇಮೇಲು, ಪಾಸುಗಳನ್ನು ಜೋಡಿಸಿ, ತಾನು ಇಷ್ಟು ವರ್ಷ ಗಂಟಲಲ್ಲೇ ಇಟ್ಟುಕೊಂಡಿದ್ದನ್ನು ಅದು ಒಂದು ಬೆಳಗಿನಲ್ಲಿ, ಉತ್ಪ್ರೇಕ್ಷೆಯಿಲ್ಲದೆ ಹೇಳಿ ಮುಗಿಸಿತ್ತು. ತಾನೇ ಹೇಳಿದ್ದರೆ ಜಂಬವಾಗುತ್ತಿತ್ತು, ಇಲ್ಲವೇ ಜಗಳವಾಗುತ್ತಿತ್ತು. ಅದಕ್ಕೆ ಕೈಮುಗಿಯಬೇಕು ಅನ್ನಿಸಿತು.

ಅರ್ಧ ದಿನದ ರಜೆ ಬರೆದುಕೊಟ್ಟು ಹೊರಬಿದ್ದ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ತಾಲೀಮು ಮಾಡಿದ. ಹೋಗಬೇಡ. ಇದನ್ನು ಹೇಳಲು ಏನು ಕಷ್ಟ? ‘ನೀನು ಹೋಗುವುದರಿಂದ ಅಪರೂಪಕ್ಕೆ ಕೆಲವರಲ್ಲಿ ಬೇಸರ ಕಾಣಿಸಿಕೊಳ್ಳಬಹುದು’ ಎಂದು ಮನಸ್ಸು ಮೂಡಿಸಿದ ವಾಕ್ಯಕ್ಕೆ ಅವನಿಗೇ ನಗು ಬಂತು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಅವನನ್ನು ನೋಡಿ ಕಿಟಕಿಯ ಕಡೆ ಸರಿದಳು. ಹೋಗಬೇಡ, ಎಂದುಕೊಂಡ ಮತ್ತೆ.

ಬೀಗ ತೆಗೆದು ಒಳಗೆ ಬಂದಾಗ ಅವಳ ನಗು ಕೇಳಿಸಿತು. ತನ್ನ ಕೋಣೆಯಿಂದ. ಯಾರೋ ಬಂದಿದ್ದಾರೆಂದು ಒಂದು ಕ್ಷಣ ಅಂದುಕೊಂಡ.

ಅವಳು ಅವನ ಕುರ್ಚಿಯಲ್ಲಿ ಕಾಲು ಮೇಲೆ ಮಡಿಚಿಕೊಂಡು ಕೂತಿದ್ದಳು. ಮೇಜಿನ ಮೇಲೆ ಲೋಟದ ಚಹಾ ಆರಿಹೋಗಿತ್ತು. ಬಾಯಲ್ಲಿ ಕೇಳಿದ್ದಕ್ಕೆ ಅದು ಪರದೆಯ ಮೇಲೆ ಉತ್ತರ ಬರೆಯುತ್ತಿತ್ತು. ಮಾತಾಡುವಾಗ ಅವಳು ಕೈಯಾಡಿಸುತ್ತಿದ್ದಳು. ಮದುವೆಯಾದ ಹೊಸದರಲ್ಲಿ ತನ್ನ ಜೊತೆ ಹೀಗೆಯೇ ಕೈಯಾಡಿಸುತ್ತ ಮಾತಾಡುತ್ತಿದ್ದದ್ದು ಅವನಿಗೆ ನೆನಪಾಯಿತು. ಸದ್ದಿಲ್ಲದ ಹೆಜ್ಜೆಯಲ್ಲಿ ಬಾಗಿಲವರೆಗೆ ಬಂದ ಕಳ್ಳನ ಹಾಗೆ ಅಲ್ಲೇ ನಿಂತ.

“ಸರಿ, ಕೊನೇದು,” ಎಂದಳು ಪರದೆಗೆ. “ಇದನ್ನ ಕೇಳ್ಕೊಂಡು ಆ ಆಸ್ಪತ್ರೆಯವರಿಗೆ ಫೋನ್ ಮಾಡ್ತೀನಿ. ನಾನು ಆ ಊರಿಗೆ ಹೋದ್ರೆ ಇವರಿಗೆ ಬೇಜಾರಾಗುತ್ತಾ?”

“ಆಗುತ್ತೆ,” ಎಂದ ಅವನು.

ದನಿ ಅವನು ಎಣಿಸಿದ್ದಕ್ಕಿಂತ ಜೋರಾಗಿ ಬಂತು. ಬಂದ ಧೈರ್ಯ ಇಳಿದುಹೋಗುವ ಮೊದಲೇ ಉಳಿದದ್ದನ್ನೂ ಹೇಳಿದ.

“ಹೋಗ್ಬೇಡ.”

ಅವಳು ತಿರುಗಲಿಲ್ಲ. ಬೆಚ್ಚಲೂ ಇಲ್ಲ. ಎಡಗೈಯನ್ನು ಮಾತ್ರ ಮೇಲೆತ್ತಿ, ಗಲಾಟೆ ಮಾಡುವ ಮಗುವನ್ನು ತಡೆಯುವಂತೆ, ಮೆತ್ತಗೆ ಹೇಳಿದಳು:

“ಒಂದ್ನಿಮಿಷ ಇರಿ. ಬರ್ತಾ ಇದೆ.”

ಪರದೆಯ ಮೂಲೆಯಲ್ಲಿ ಸಣ್ಣದೊಂದು ಚುಕ್ಕೆ ಮಿಣುಕುತ್ತಿತ್ತು. ಚೀಲವನ್ನೂ ಇಳಿಸದೆ ಅವನು ಮೆಲ್ಲನೆ ಬಂದು ಅವಳ ಕುರ್ಚಿಯ ಹಿಂದೆ ನಿಂತ. ಕನ್ನಡಕ ಸರಿಮಾಡಿಕೊಂಡು, ಅವಳ ಹೆಗಲ ಮೇಲಿಂದ ಬಗ್ಗಿ, ಅದು ಏನು ಹೇಳುವುದೋ ಎಂದು ಅವನೂ ಕಾದ.