ಪೀರ್ ಸಾಬರ ಕುದುರೆ

ಚನ್ನಪಟ್ಟಣದಲ್ಲಿ ಪೀರ್ ಸಾಬರ ಮನೆಗೆ ಹೊಸದಾಗಿ ಬಂದವರು ಮೊದಲು ಮಾಡುತ್ತಿದ್ದ ಕೆಲಸ ತಲೆ ಬಾಚಿಕೊಳ್ಳುವುದು. ಮುಂದಿನ ಕೋಣೆಯ ಗೋಡೆಯಲ್ಲಿ, ಕ್ಯಾಲೆಂಡರಿನ ಪಕ್ಕ, ಒಂದು ಗ್ರಾಮಫೋನ್ ಪ್ಲೇಟು ಮೊಳೆಗೆ ತೂಗಿಕೊಂಡಿತ್ತು. ಕರಿ ಬಣ್ಣ, ಮುಖ ಕಾಣುವಷ್ಟು ಹೊಳಪು. ಕನ್ನಡಿ ಎಂದುಕೊಂಡು ಎದುರು ನಿಂತವರಿಗೆ ಸಾಬರು ಕುಳಿತಲ್ಲಿಂದಲೇ ಅದರ ಕಥೆ ಶುರು ಮಾಡುತ್ತಿದ್ದರು. ಶುರುವಾಯಿತೆಂದರೆ ಬಂದವರ ಟೀ ಆರಿ ತಣ್ಣಗಾಗಲೇಬೇಕು.

ಸಾಬರಿಗೆ ಆಗಷ್ಟೇ ಮದುವೆಯಾಗಿದ್ದ ಕಾಲಕ್ಕೆ ಊರಿನಲ್ಲಿ ಒಂದು ನಾಟಕ ಕಂಪನಿ ಬಿಡಾರ ಹೂಡಿತ್ತಂತೆ. ಅವರ ನಾಟಕದಲ್ಲಿ ಜಟಕಾ ಗಾಡಿಯವನ ಹಾಡೊಂದಿತ್ತು. ಹಾಡೇನೋ ಚೆನ್ನಾಗಿತ್ತು, ಆದರೆ ಕುದುರೆ ಕಾಲಿನ ಸದ್ದಿಗೆ ಅವರು ತೆಂಗಿನ ಚಿಪ್ಪು ಬಡಿಯುತ್ತಿದ್ದರು. ಅದು ಕುದುರೆಯ ಸದ್ದಾಗದೆ ಯಾರೋ ಅಡಿಗೆಮನೆಯಲ್ಲಿ ಪಾತ್ರೆ ಜೋಡಿಸಿದಂತೆ ಕೇಳುತ್ತಿತ್ತು. ಬೊಂಬೆ ಕಡೆಯುವುದು ಪೀರ್ ಸಾಬರ ಕಸುಬು. ಹಾಲೆ ಮರದಲ್ಲಿ ಎರಡು ಬಟ್ಟಲು ಕಡೆದು, ಪರದೆ ಹಿಂದೆ ನಿಂತು ಬಡಿದರು. ಕುದುರೆ ಓಡಿತು. ಕಂಪನಿಯವರು ಮದರಾಸಿಗೆ ಹೋಗಿ ಪ್ಲೇಟು ಮಾಡಿಸುವಾಗ ಸಾಬರನ್ನೂ ಬಟ್ಟಲಿನ ಸಮೇತ ಕರೆದುಕೊಂಡು ಹೋದರು. ಅಲ್ಲಿ ಬಾಗಿಲು ಮುಚ್ಚಿದ ಕೋಣೆಯ ಸೆಕೆಗೆ ಕೈ ಬೆವತು, ಹಾಡಿನ ಕೊನೆಯಲ್ಲಿ ಇನ್ನೇನು ಗಾಡಿ ನಿಲ್ಲಬೇಕು ಅನ್ನುವಾಗ ಒಂದು ಬಟ್ಟಲು ಜಾರಿ ಏಟು ತಪ್ಪಿತು. ಕುದುರೆ ಎಡವಿತು. ಹಾರ್ಮೋನಿಯಂ ಮಾಸ್ತರು ಕಣ್ಣು ಕೆಂಪಗೆ ಮಾಡಿದರು, ಆದರೆ ಎರಡನೇ ಸಲ ಹಾಡಿಸಲು ವೇಳೆ ಇರಲಿಲ್ಲ. ಆಮೇಲೆ ಕೂಲಿಯ ಬದಲು ಈ ಪ್ಲೇಟು ಕೈಗಿಟ್ಟು ಕಳಿಸಿದರು.

ಕಥೆ ಇಷ್ಟೇ. ಇದನ್ನು ಬೀದಿಯವರೆಲ್ಲ ಕೇಳಿದ್ದರು, ಪ್ಲೇಟನ್ನು ಮಾತ್ರ ಒಬ್ಬರೂ ಕೇಳಿರಲಿಲ್ಲ. ಆ ಮನೆಗೆ ಪ್ಲೇಟು ಹಾಕುವ ಪೆಟ್ಟಿಗೆ ಯಾವತ್ತೂ ಬಂದಿರಲಿಲ್ಲ. ಬೊಂಬೆ ಕಡೆದು ಬಂದದ್ದು ಅಕ್ಕಿಗೂ ಅರಗಿಗೂ ಸರಿಹೋಗುತ್ತಿತ್ತು. ಹಾಗಾಗಿ ಊರಿನಲ್ಲಿ ಅವರಿಗೆ ಜಟಕಾ ಸಾಬರು ಎಂಬ ಹೆಸರು ಬಿತ್ತು. ಗೌರವಕ್ಕೇನೂ ಇಟ್ಟ ಹೆಸರಲ್ಲ ಅದು.

ಪ್ಲೇಟಿನ ಆರೈಕೆಯಲ್ಲಿ ಮಾತ್ರ ಅವರು ಒಂದು ಕೂದಲಷ್ಟೂ ಕಮ್ಮಿ ಮಾಡಿದವರಲ್ಲ. ಪ್ರತಿ ರಂಜಾನಿಗೆ ಮುಂಚೆ ಅದನ್ನು ಗೋಡೆಯಿಂದ ಇಳಿಸಿ ಬೊಂಬೆ ಕಡೆಯುವ ಲೇತಿಗೆ ಸಿಕ್ಕಿಸುತ್ತಿದ್ದರು. ಅದು ತಿರುಗುವಾಗ ಕಪ್ಪು ಅರಗಿನ ಕಡ್ಡಿಯನ್ನು ಹಗುರವಾಗಿ ಒತ್ತಿ, ಉಜ್ಜಿದ ಬಿಸಿಗೆ ಅರಗು ಕರಗಿ ಹರಡಿದ ಮೇಲೆ ಕೇದಗೆ ಗರಿ ಹಿಡಿದು ಮಿರಮಿರ ಮಿಂಚಿಸುತ್ತಿದ್ದರು. ಗಿಲಕಿ, ಬುಗುರಿ, ಮಗುವಿನ ನಡೆಗಾಡಿ, ಈ ಊರಿನಲ್ಲಿ ಯಾವ ಸಾಮಾನಿಗೂ ಮರ್ಯಾದೆ ಸಿಗುವುದು ಹೀಗೆಯೇ. ನಡುವೆ ಅಂಟಿಸಿದ್ದ ಹೆಸರಿನ ಕಾಗದಕ್ಕೆ ಬಿಸಿ ತಾಗಬಾರದೆಂದು ಅದರ ಸುತ್ತ ಒಂದು ಬೆರಳಗಲ ಜಾಗ ಬಿಟ್ಟುಬಿಡುತ್ತಿದ್ದರು. ಅಲ್ಲಿ ಒಂದು ಮಂಕು ಬಳೆ ಉಳಿದಿತ್ತು. ಮಗಳು ಮುನವ್ವರಾ ಚಿಕ್ಕವಳಿದ್ದಾಗ, ಅದೊಂದು ಬಳೆ ಯಾಕೆ ಪಾಪ ಹಾಗೇ ಇದೆ ಎಂದು ಕೇಳುತ್ತಿದ್ದಳು.

ಈಗ ಮುನವ್ವರಾ ಅಪ್ಪನ ಲೇತಿನಲ್ಲಿ ತಾನೇ ಕೂತು ಕಡೆಯುವ ಹೆಂಗಸು. ಗಂಡ ಖಾಸಿಂ ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದ. ಸಂಜೆ ಮನೆಗೆ ಬಂದವನೇ ಚಪ್ಪಲಿ ಬಿಡುತ್ತ, ಮಾಮನ ಕುದುರೆ ಇವತ್ತು ಹುರುಳಿ ತಿಂತಾ ಎಂದು ಕೇಳದೆ ಅವನಿಗೆ ಊಟ ಇಳಿಯುತ್ತಿರಲಿಲ್ಲ. ಮುನವ್ವರಾಳೂ ನಗುತ್ತಿದ್ದಳು. ಆದರೆ ಆ ನಗುವಿನ ಅಡಿಯಲ್ಲಿ ಅವಳಿಗೊಂದು ಹುಳ ಕೊರೆಯುತ್ತಿತ್ತು. ಅಪ್ಪ ಹೇಳುವುದು ನಿಜವೋ, ಬುರುಡೆಯೋ? ಮಿಕ್ಕ ಯಾವ ವಿಷಯದಲ್ಲೂ ಸುಳ್ಳು ಹೇಳದ ಮನುಷ್ಯ ಇದೊಂದರಲ್ಲಿ ಜೀವಮಾನವಿಡೀ ಹೇಳಿಕೊಂಡು ಬಂದಿದ್ದರೆ?

ಆ ಹುಳಕ್ಕೆ ರೆಕ್ಕೆ ಬಂದದ್ದು ಗಂಗಹನುಮಯ್ಯನ ಅಂಗಡಿಯಲ್ಲಿ. ಆತ ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಮಾಡುವವನು. ಮನೆಮನೆಗೂ ಕ್ಯಾಸೆಟ್ಟು ಬಂದಿದ್ದ ಕಾಲ ಅದು. ಜನ ಹಳೇ ರೇಡಿಯೋ, ಪ್ಲೇಟಿನ ಪೆಟ್ಟಿಗೆ, ಪ್ಲೇಟಿನ ರಾಶಿ ಎಲ್ಲವನ್ನೂ ಅವನ ಬಾಗಿಲಿಗೆ ತಂದು ಸುರಿದು, ಕೈ ತೊಳೆದುಕೊಂಡು ಹೋಗುತ್ತಿದ್ದರು. ರಿಪೇರಿಗೆ ಬಂದ ರೇಡಿಯೋಗಳಲ್ಲಿ ತಿರುಗಿಸುವ ಗುಬುಟುಗಳು ಒಡೆದುಹೋಗಿರುತ್ತಿದ್ದವು. ಮರದಲ್ಲಿ ಕಡೆದುಕೊಡಲು ಆಗುತ್ತದಾ ಎಂದು ಆತ ಕೇಳಿ ಕಳಿಸಿದ್ದ. ಮುನವ್ವರಾ ಅಳತೆ ತೆಗೆದುಕೊಳ್ಳಲು ಹೋದವಳು ಒಂದು ಹಳೇ ರೇಡಿಯೋದ ಬೆನ್ನಿನಲ್ಲಿ ಎರಡು ತೂತು ಕಂಡು, ಇವು ಯಾಕೆ ಎಂದಳು.

ಪ್ಲೇಟಿನ ಮೇಲೆ ಮುಳ್ಳು ಹಿಡಿಯುವ ಕೈಯಿಂದ ಬರುವ ವೈರು ಇಲ್ಲಿ ಸಿಕ್ಕಿಸಿದರೆ ರೇಡಿಯೋನೇ ಹಾಡುತ್ತದೆ, ಬೇರೆ ಪೆಟ್ಟಿಗೆ ಬೇಕಿಲ್ಲ ಎಂದ ಗಂಗಹನುಮಯ್ಯ. ಮುನವ್ವರಾಳ ಮನೆಯಲ್ಲೂ ಅಂಥದ್ದೇ ರೇಡಿಯೋ ಇತ್ತು. ಇಷ್ಟು ವರ್ಷ ಅದರ ಬೆನ್ನು ಗೋಡೆ ಕಡೆಗಿತ್ತು.

ಅಲ್ಲಿಂದ ಅವಳಿಗೆ ನಿದ್ದೆ ಇಲ್ಲ. ಗುಬುಟುಗಳಿಗೆ ಕೂಲಿ ಬೇಡ, ಸಾಮಾನು ಕೊಡು ಅಂದಳು. ಗಂಗಹನುಮಯ್ಯ ಕೆಟ್ಟುಹೋಗಿದ್ದ ಒಂದು ಪೆಟ್ಟಿಗೆಯಿಂದ ಮೋಟಾರು ಬಿಚ್ಚಿಕೊಟ್ಟ, ಇನ್ನೊಂದರಿಂದ ಮುಳ್ಳು ಹಿಡಿಯುವ ಕೈ. ಆ ಕೈಯ ತುದಿಯಲ್ಲಿ ಎರಡು ಮುಳ್ಳು. ಹಳೇ ಅರಗಿನ ಪ್ಲೇಟಿಗೆ ದಪ್ಪದ್ದು, ಬಳುಕುವ ಹೊಸ ಪ್ಲೇಟಿಗೆ ಸಣ್ಣದು, ಬೇಕಾದ್ದನ್ನು ತಿರುಗಿಸಿಕೊಳ್ಳಬೇಕು. ಪ್ಲೇಟು ಕೂರುವ ತಟ್ಟೆ ಮಾತ್ರ ಎಲ್ಲೂ ಸಿಗಲಿಲ್ಲ. ಅದಕ್ಕೇನಂತೆ, ಅವಳೇ ಕಡೆದಳು. ಮೊದಲು ಕಡೆದದ್ದು ಹಸಿ ಮರ. ಒಣಗುತ್ತ ಸೊಟ್ಟಗಾಗಿ, ಹಾಡುವವರೆಲ್ಲ ಕುಡಿದು ಬಂದವರ ಹಾಗೆ ಕೇಳಿಸಿದರು. ಎರಡನೆಯದನ್ನು ಅಟ್ಟದ ಮೇಲೆ ಒಣಗಿದ್ದ ತುಂಡಿನಲ್ಲಿ, ತೂಕವಾಗಿ ಕಡೆದಳು. ಹಾಡು ನೆಟ್ಟಗಾಯಿತು.

ಕಲಿಯುವುದಕ್ಕೆಂದು ಗಂಗಹನುಮಯ್ಯ ಗೀಚಿ ಹೋದ ಪ್ಲೇಟುಗಳ ಒಂದು ಕಟ್ಟು ಕೊಟ್ಟಿದ್ದ. ತಮಿಳು ಹಾಡು, ಶಹನಾಯಿ, ಯಾರದೋ ಹರಿಕಥೆಯ ಅರ್ಧ, ಒಂದರಲ್ಲಿ ಬರೀ ಹಕ್ಕಿಗಳ ಕೂಗು. ಮುಂದೇನು ಬರುತ್ತದೋ ಗೊತ್ತಿಲ್ಲದೆ ಮುಳ್ಳು ಇಳಿಸುವಾಗಿನ ಆ ಒಂದು ಗಳಿಗೆ ಅವಳಿಗೆ ಬಿರಿಯಾನಿಗಿಂತ ರುಚಿ ಅನ್ನಿಸತೊಡಗಿತು. ಧೂಳನ್ನು ಮೆತ್ತನೆ ಬಟ್ಟೆಯಲ್ಲಿ ಗೆರೆಯ ಗುಂಟ ಒರೆಸುವುದು, ಅಂಚು ಹಿಡಿದು ಎತ್ತುವುದು, ಮುಳ್ಳನ್ನು ಹಸುಗೂಸಿನಂತೆ ಇಳಿಸುವುದು ಕೈಗೆ ಬಂತು. ಕಾಸಿಲ್ಲದವರ ಮನೆಯಲ್ಲಿ ಹೀಗೊಂದು ಸಿರಿ ಬಂದು ಕೂತಿತು. ಒಂದು ವಿಷಯ ಮಾತ್ರ ಅವಳಿಗೆ ಹೆಮ್ಮೆ: ಗುಜರಿ ಪ್ಲೇಟುಗಳೆಲ್ಲ ಮಂಕು, ತಮ್ಮದರ ಹೊಳಪಿನ ಮುಂದೆ ನಿಲ್ಲುವಂಥದ್ದು ಒಂದೂ ಇಲ್ಲ. ಇವೇ ಹೀಗೆ ಹಾಡಿದರೆ ಅದು ಹೇಗೆ ಹಾಡೀತು?

ಆದರೆ ಪೀರ್ ಸಾಬರು ಆ ಪ್ಲೇಟಿಗೆ ಕೈ ಹಚ್ಚಗೊಡಲಿಲ್ಲ. ಇವತ್ತು ಬೇಡ ಎಂದರು, ಕರೆಂಟು ಸರಿ ಇಲ್ಲ ಎಂದರು, ಹಬ್ಬ ಕಳೆಯಲಿ ಎಂದರು. ಹಬ್ಬವೂ ಕಳೆಯಿತು. ಖಾಸಿಂ ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದ. ಮುನವ್ವರಾಳಿಗೂ ಅನ್ನಿಸತೊಡಗಿತು: ಬುರುಡೆಯೇ ಇರಬೇಕು. ಒಂದು ಮಧ್ಯಾಹ್ನ ಲೇತು ನಿಲ್ಲಿಸಿ ಅಪ್ಪನ ಎದುರು ಕೂತು ನೇರವಾಗಿ ಕೇಳಿದಳು.

"ಅಬ್ಬಾ, ಅದ್ರಾಗೆ ಕುದುರೆ ಐತೋ ಇಲ್ವೋ?"

ಸಾಬರು ಕೈಯಲ್ಲಿದ್ದ ಉಳಿಯ ಬಾಯಿ ಸವರಿ ಕೆಳಗಿಟ್ಟರು.

"ನಂಗೂ ಗೊತ್ತಿಲ್ಲ ಬೇಟಿ. ನಾನು ಅದ್ನ ಕೇಳೇ ಇಲ್ಲ. ಅಲ್ಲಿ ಮಿಷಿನ್ ಹತ್ರ ಇದ್ದೋನು, ನಿನ್ ಮರದ ಸದ್ದು ಇದ್ರಾಗೆ ಬಿದ್ದೈತೋ ಇಲ್ವೋ ಹೇಳಕ್ಕಾಗಲ್ಲ ಅಂದ್ಬುಟ್ಟ. ಕೇಳ್ದೆ ಇರೋಗಂಟ ನಾನು ಅದರೊಳಗೆ ಇದ್ದೆ. ಕೇಳ್ದಾಗ ಇಲ್ದೆ ಹೋದ್ರೆ?"

ಮುನವ್ವರಾಳಿಗೆ ಅಪ್ಪನ ಮೇಲಿದ್ದ ಅನುಮಾನವೆಲ್ಲ ಕರಗಿ, ಅದರ ಜಾಗದಲ್ಲಿ ಭಯ ಕೂತಿತು. ಸುಳ್ಳುಗಾರನಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಈಗ ಅಪ್ಪನ ಜೀವಮಾನವೇ ಆ ಮುಳ್ಳಿನ ತುದಿಗೆ ಬಂದು ನಿಂತಂತಾಯಿತು. ಆದರೂ ಸಾಬರೇ ಎದ್ದು, ಶುಕ್ರವಾರ ನಮಾಜು ಮುಗಿಸಿ ಬತ್ತೀನಿ, ಗಂಗಹನುಮಯ್ಯನನ್ನೂ ಕರಿ ಎಂದರು.

ಶುಕ್ರವಾರ ಖಾಸಿಂ ಕೂಡ ಕೆಲಸಕ್ಕೆ ಹೋಗಲಿಲ್ಲ. ಗಂಗಹನುಮಯ್ಯ ಹೊಸ ಮುಳ್ಳು ತಂದಿದ್ದ. ಸಾಬರು ಬಿಸ್ಮಿಲ್ಲಾ ಎಂದು ಪ್ಲೇಟನ್ನು ಗೋಡೆಯಿಂದ ಇಳಿಸಿ ಮಗಳ ಕೈಗೆ ಕೊಟ್ಟರು. ಅವಳು ಹೊಳೆಯುವ ಮುಖ ಮೇಲೆ ಮಾಡಿ ತಟ್ಟೆಯ ಮೇಲಿಟ್ಟು, ಮುಳ್ಳು ಇಳಿಸಿದಳು.

ಸೊರ್ರೆಂದು ಸದ್ದು ಬಂತು. ಹಾಡು ಬರಲಿಲ್ಲ. ರೇಡಿಯೋದ ಗುಬುಟು ಪೂರ್ತಿ ತಿರುಗಿಸಿದರೂ ಒಲೆಯ ಮೇಲೆ ನೀರು ಕಾಯುವಂಥ ಸದ್ದೇ ಹೊರತು ಬೇರೇನಿಲ್ಲ. ಗಂಗಹನುಮಯ್ಯ ಅರ್ಧಕ್ಕೇ ಮುಳ್ಳು ಎತ್ತಿ, ಪ್ಲೇಟು ತಿರುವಿ, ಗೋಡೆ ಕಡೆಗಿದ್ದ ಮುಖಕ್ಕೆ ಮುಳ್ಳು ಇಟ್ಟ. ಆ ಕಡೆ ಒಬ್ಬ ಹೆಂಗಸು ಬೇರೊಂದು ಹಾಡನ್ನು ಜೇನಿನಂತೆ ಹಾಡಿದಳು. ಅದರಲ್ಲಿ ಜಟಕಾ ಇರಲಿಲ್ಲ. ಅಂದರೆ ತಪ್ಪು ಪೆಟ್ಟಿಗೆಯದಲ್ಲ. ಆತ ಪ್ಲೇಟನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಮೆಲ್ಲಗೆ ಕೆರೆದು, ಮೂಸಿ ನೋಡಿದ.

"ಸಾಬ್ರೇ, ಇದಕ್ಕೇನು ಹಚ್ಚಿದ್ರಿ?"

ಅರಗು ಎಂದರು ಸಾಬರು. ಪ್ರತಿ ವರ್ಷ, ಒಳ್ಳೇ ಅರಗು ಎಂದೂ ಸೇರಿಸಿದರು.

ಗಂಗಹನುಮಯ್ಯನಿಗೆ ಹೇಳಲು ಮನಸ್ಸಿರಲಿಲ್ಲ, ಹೇಳದೆ ವಿಧಿಯೂ ಇರಲಿಲ್ಲ. ಹಾಡು ಇರುವುದು ಆ ಗೆರೆಗಳ ಒಳಗಿನ ಸಣ್ಣ ತಗ್ಗು ದಿಣ್ಣೆಗಳಲ್ಲಿ. ಮುಳ್ಳು ದಾರಿ ಹಿಡಿದು ಹೋಗುವಷ್ಟು ಗೆರೆ ಉಳಿದಿದೆ, ಆದರೆ ಹಾಡು ಕೂತಿದ್ದ ತಳವೆಲ್ಲ ತುಂಬಿ ನುಣುಪಾಗಿದೆ. ಸ್ಪಿರಿಟ್ ಹಾಕಿ ತೆಗೆಯಬಾರದಾ ಎಂದು ಖಾಸಿಂ ಕೇಳಿದ. ಅದಕ್ಕೆ ಉತ್ತರ ಗಂಗಹನುಮಯ್ಯನಿಂದ ಬೇಕಿರಲಿಲ್ಲ, ಸಾಬರೇ ತಲೆ ಅಲ್ಲಾಡಿಸಿದರು. ಪ್ಲೇಟು ಮಾಡಿರುವುದೂ ಅರಗಿನಲ್ಲೇ. ಮೇಲಿನದನ್ನು ಕರಗಿಸಿದರೆ ಕೆಳಗಿನದೂ ಜೊತೆಗೆ ಹೋಗುತ್ತದೆ.

ಪ್ರೀತಿಯಿಂದ ಮಾಡಿದ ಕೆಲಸವೇ ಹೀಗೆ ಹಾಡಿನ ಕತ್ತು ಹಿಸುಕಿದ್ದು ನೋಡಿ ಮುನವ್ವರಾಳಿಗೆ ಅಳು ಉಕ್ಕಿ ಬಂತು. ಆ ಹೊಳಪನ್ನು ನೋಡಿ ಹೆಮ್ಮೆಪಟ್ಟವಳು ತಾನೂ ಅಲ್ಲವೇ. ಖಾಸಿಂ ನೆಲ ನೋಡುತ್ತಿದ್ದ. ಅವನ ಬಾಯಲ್ಲಿ ಅವತ್ತು ಹುರುಳಿಯ ಮಾತು ಬರಲಿಲ್ಲ.

ಪೀರ್ ಸಾಬರು ಎದ್ದು ಒಳಗೆ ಹೋದರು. ಹಿತ್ತಲಿಗೆ ಹೋದರೇನೋ ಎಂದುಕೊಳ್ಳುವಷ್ಟರಲ್ಲಿ ಟ್ರಂಕಿನ ಮುಚ್ಚಳದ ಸದ್ದಾಯಿತು. ಬರುವಾಗ ಅವರ ಕೈಯಲ್ಲಿ ಎರಡು ಮರದ ಬಟ್ಟಲುಗಳಿದ್ದವು. ಬಣ್ಣವಿಲ್ಲ, ಅರಗಿಲ್ಲ, ಅಂಚು ಸವೆದು ಹಳದಿಯಾಗಿದ್ದವು. ಅವು ಇನ್ನೂ ಮನೆಯಲ್ಲಿವೆ ಎಂದು ಮಗಳಿಗೂ ಗೊತ್ತಿರಲಿಲ್ಲ. ಸಾಬರು ಲೇತಿನ ಹಲಗೆಯ ಮುಂದೆ ಮಂಡಿಯೂರಿ ಕೂತರು.

"ಜಟಕಾ ಮುಖ ಮೇಲ್ ಮಾಡಿ ಮತ್ತೆ ಹಾಕು ಬೇಟಿ. ಹಾಡು ಹೋದ್ರೆ ಹೋಯ್ತು, ಕುದ್ರೆ ನನ್ ಕೈಲೈತೆ."

ಮುಳ್ಳು ಇಳಿಯಿತು. ಸೊರ್ರೆಂಬ ಸದ್ದಿನ ಮೇಲೆ ಸಾಬರು ಕಣ್ಣು ಮುಚ್ಚಿ ಕಾದರು. ಒಳಗೇ ಯಾರೋ ಹಾಡು ಎತ್ತಿಕೊಟ್ಟಂತೆ ತುಟಿ ಅಲುಗಿತು, ಆಮೇಲೆ ಕೈ. ಟಕ ಟಕ, ಟಕ ಟಕ. ಜಟಕಾ ಹೊರಟಿತು. ಮಣ್ಣಿನ ದಾರಿ, ಕಲ್ಲಿನ ದಾರಿ, ಏರಿನಲ್ಲಿ ನಿಧಾನ, ಇಳುಕಿನಲ್ಲಿ ಬಿರುಸು. ಬಾಗಿಲಲ್ಲಿ ಅಕ್ಕಪಕ್ಕದವರು ಬಂದು ನಿಂತರು. ಒಂದು ಕಡೆ ಕೈ ತಡೆದು, ಗಾಡಿಯವನು ಯಾರನ್ನೋ ಹತ್ತಿಸಿಕೊಂಡ ಹಾಗೆ ಬಿಟ್ಟು, ಮತ್ತೆ ಹೊಡೆದರು. ಮುನವ್ವರಾ ಒಮ್ಮೆ ಅಪ್ಪನನ್ನು, ಒಮ್ಮೆ ಒಳಒಳಗೆ ಸರಿಯುತ್ತಿದ್ದ ಮುಳ್ಳನ್ನು ನೋಡುತ್ತಿದ್ದಳು. ಮುಳ್ಳು ಹೊಳಪು ದಾಟಿ, ಹೆಸರಿನ ಕಾಗದದ ಸುತ್ತ ಇದ್ದ ಮಂಕು ಬಳೆಯ ಅಂಚಿಗೆ ಬಂತು.

ಅಲ್ಲಿ ಅರಗು ಬಿದ್ದಿರಲಿಲ್ಲ.

ರೇಡಿಯೋದಿಂದ ಒಬ್ಬ ಗಂಡಸಿನ ದನಿ, ಸಾಲಿನ ನಡುವಿನಿಂದಲೇ, ಬಾಗಿಲು ತೆಗೆದು ಒಳಗೆ ಬಂದಂತೆ ಬಂತು. ಹಾರ್ಮೋನಿಯಂ ಬಂತು. ಅದರ ಹಿಂದೆಯೇ ಕುದುರೆ ಬಂತು. ಕೋಣೆಯ ಕುದುರೆಯೂ ಪ್ಲೇಟಿನ ಕುದುರೆಯೂ ಏಟಿಗೆ ಏಟು ಸೇರಿ ಒಂದೇ ಕುದುರೆಯಾಗಿ ಓಡಿದವು. ಯಾವುದು ಎಲ್ಲಿಯದು ಎಂದು ಬಿಡಿಸಿ ಹೇಳಲು ಮುನವ್ವರಾಳಿಗೆ ಆಗಲಿಲ್ಲ. ಸಾಬರ ಕಣ್ಣು ತೆರೆಯಿತು, ಕೈ ನಿಲ್ಲಲಿಲ್ಲ. ಹಾಡು ಮುಗಿಯುತ್ತ ಬಂತು, ಗಾಡಿ ನಿಧಾನವಾಯಿತು. ಸಾಬರ ಕೈ ಕೊನೆಯ ಏಟುಗಳನ್ನು ನೆಟ್ಟಗೆ ಹೊಡೆಯಿತು. ಪ್ಲೇಟಿನೊಳಗಿನ ಕುದುರೆ ಮಾತ್ರ ಒಂದು ಹೆಜ್ಜೆ ತಪ್ಪಿ ಎಡವಿ, ಸಾವರಿಸಿಕೊಂಡು ನಿಂತಿತು.

ಸಾಬರು ಬಟ್ಟಲುಗಳನ್ನು ಎದೆಗೆ ಹಿಡಿದುಕೊಂಡರು. ಇಷ್ಟು ವರ್ಷ ನಾಚಿಕೆಪಟ್ಟುಕೊಂಡು ಹೇಳುತ್ತಿದ್ದ ತಪ್ಪು ಅದು. ಅದಿಲ್ಲದಿದ್ದರೆ ಆ ಕುದುರೆ ಯಾರದು ಬೇಕಾದರೂ ಆಗಬಹುದಿತ್ತು. ಅವರಿಗೆ ನಗುವೂ ಅಳುವೂ ಒಟ್ಟಿಗೆ ಬಂದು, ಎರಡರಲ್ಲಿ ಯಾವುದನ್ನೂ ತಡೆಯಲಾಗಲಿಲ್ಲ.

"ಎಡವ್ತು, ಅಲ್ವಾ?" ಎಂದರು.

ಮುನವ್ವರಾ ಹೂಂ ಎಂದಳು. ಖಾಸಿಂ ಯಾರನ್ನೂ ಕೇಳದೆ ಮುಂದೆ ಬಂದು, ಹೆಂಡತಿ ಮಾಡುತ್ತಿದ್ದ ಹಾಗೆಯೇ ಎರಡು ಬೆರಳಲ್ಲಿ ಮುಳ್ಳಿನ ಕೈ ಎತ್ತಿ, ಮತ್ತೆ ಆ ಮಂಕು ಬಳೆಯ ಅಂಚಿಗೆ ಇಟ್ಟ.

"ಇನ್ನೊಂದ್ಸಲ ಕೇಳ್ಸು ಮಾಮಾ," ಎಂದ. "ನಿನ್ ಕುದುರೆ ನಾನು ಸರಿಯಾಗಿ ನೋಡ್ಲಿಲ್ಲ."