ಯಾರೂ ಹೊರಗುಳಿಯದ ತರಗತಿ

"ಈಗ ನಾಲ್ಕು ನಾಲ್ಕು ಜನ ಗುಂಪಾಗಿ" ಎಂದಳು ತರಬೇತಿ ಕೊಡುತ್ತಿದ್ದ ಅರ್ಗಿರೋ.

ವಿಟೇನಿಸ್ ಎದ್ದು ನಾಲ್ಕು ಕುರ್ಚಿಗಳನ್ನು ಎದುರುಬದುರಾಗಿ ಎಳೆದುಹಾಕಿದ. ಒಂದರಲ್ಲಿ ತಾನು ಕುಳಿತ. ಉಳಿದ ಮೂರರ ಕಡೆ ನೋಡುವುದೋ ಬೇಡವೋ ತಿಳಿಯದೆ ಅವಳ ಕಡೆಗೇ ನೋಡಿದ.

"ಗುಂಪಿಗೊಬ್ಬ ನಾಯಕನನ್ನ ಆರಿಸ್ಕೊಳ್ಳಿ."

"ನಾನೇ ಆಗಲಾ?"

"ಯಾರದೂ ತಕರಾರಿಲ್ಲದಿದ್ರೆ."

ಅವನು ಒಂದು ಕ್ಷಣ ಕಾದ. ನಿಜವಾಗಿಯೂ ಕಾದ. ಆಮೇಲೆ ಅವಳು ಹೇಳಿದ್ದು ತಮಾಷೆಗೆಂದು ಹೊಳೆದು ಕಿವಿ ಬಿಸಿಯಾಯಿತು.

ಶುಕ್ರವಾರ, ಬೆಳಿಗ್ಗೆ ಹತ್ತೂಕಾಲು. ಕ್ರೀಟ್ ದ್ವೀಪದ ಉತ್ತರ ದಡದ ಒಂದು ಹೋಟೆಲಿನ ದೊಡ್ಡ ಹಾಲ್. 'ಯಾರೂ ಹೊರಗುಳಿಯದ ತರಗತಿ' ಎಂಬ ಐದು ದಿನದ ಶಿಕ್ಷಕರ ತರಬೇತಿಯ ಕೊನೆಯ ದಿನ. ಯುರೋಪಿಯನ್ ಒಕ್ಕೂಟದ ಖರ್ಚಿನಲ್ಲಿ ಆರು ದೇಶಗಳಿಂದ ಬಂದಿದ್ದ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಹೊರಗಿದ್ದರು.

ಸೋಮವಾರ ಬೆಳಿಗ್ಗೆ, ಮೊದಲ ಕಾಫಿ ಮುಗಿಯುವ ಮುಂಚೆಯೇ, ಅರ್ಗಿರೋ ಹಾಜರಿ ಹಾಳೆಯನ್ನು ಕೈಯಿಂದ ಕೈಗೆ ಬಿಟ್ಟಿದ್ದಳು. ಒಬ್ಬೊಬ್ಬರ ಹೆಸರಿನ ಮುಂದೆ ಹತ್ತು ಚೌಕ. ಐದು ಬೆಳಿಗ್ಗೆ, ಐದು ಮಧ್ಯಾಹ್ನ. ಇಂಥ ತರಬೇತಿಗಳಲ್ಲಿ ಪಳಗಿದವರು ಹತ್ತಕ್ಕೂ ಒಂದೇ ಉಸಿರಿನಲ್ಲಿ ಸಹಿ ಹಾಕುತ್ತಾರೆ. ಪೋಲೆಂಡಿನಿಂದ ಬಂದಿದ್ದ ಬೊಗುಮಿಲಾ ಎಂಬ ಇತಿಹಾಸದ ಶಿಕ್ಷಕಿಗೆ ಇದು ಒಂಬತ್ತನೆಯದು. ಅವಳು ಸಹಿ ಹಾಕುತ್ತಲೇ ವಿಹಾರದ ದೋಣಿ ಎಷ್ಟು ಗಂಟೆಗೆ ಹೊರಡುತ್ತದೆಂದು ವಿಚಾರಿಸಿದ್ದಳು. ಲಿಥುವೇನಿಯಾದ ಸಣ್ಣ ಊರೊಂದರಲ್ಲಿ ಭೌತಶಾಸ್ತ್ರ ಕಲಿಸುವ ವಿಟೇನಿಸ್‌ಗೆ ಇದು ಮೊದಲನೆಯದು. ಅವನು ಸೋಮವಾರ ಬೆಳಗಿನ ಚೌಕವೊಂದಕ್ಕೆ ಸಹಿ ಹಾಕಿ ಹಾಳೆಯನ್ನು ದಾಟಿಸಿದ್ದ.

"ಮೇಷ್ಟ್ರೇ, ಇನ್ನೂ ಒಂಬತ್ತು ಉಳಿದಿವೆ" ಎಂದಿದ್ದಳು ಅರ್ಗಿರೋ.

"ಮಂಗಳವಾರ ಇನ್ನೂ ಬಂದಿಲ್ಲವಲ್ಲ."

ಬೊಗುಮಿಲಾ ಕಣ್ಣಿನ ಕಾಡಿಗೆ ಇಳಿಯುವಷ್ಟು ನಕ್ಕಳು. ಅಂದಿನಿಂದ ಅವನು ಎಲ್ಲರ ಬಾಯಲ್ಲಿ ಮಂಗಳವಾರದ ಮೇಷ್ಟ್ರಾದ.

ಮಂಗಳವಾರ ಬಂತು. ಐದು ಜನ ಬಂದರು. ಬುಧವಾರ ಇಬ್ಬರು: ಇವನು, ಮತ್ತೆ ಕಾಲು ಉಳುಕಿಸಿಕೊಂಡ ಒಬ್ಬ ಪೋರ್ಚುಗೀಸ್ ಮಾಸ್ತರ. ಗುರುವಾರ ಆ ಕಾಲೂ ವಾಸಿಯಾಯಿತು. ಅರ್ಗಿರೋ ಮಾತ್ರ ದಿನಾ ಬಂದಳು, ಇವನು ಬರುತ್ತಾನಲ್ಲ ಎಂದು. ಅವಳು ಬರುತ್ತಾಳಲ್ಲ ಎಂದು ಇವನೂ ಬಂದ. ಇಬ್ಬರಲ್ಲಿ ಯಾರು ಮೊದಲು ತಪ್ಪಿಸಿಕೊಂಡಿದ್ದರೂ ಇನ್ನೊಬ್ಬರು ಬದುಕಿಕೊಳ್ಳುತ್ತಿದ್ದರೇನೋ.

"ಚರ್ಚೆಗೆ ಇಪ್ಪತ್ತು ನಿಮಿಷ" ಎಂದು ಹೇಳಿ ಅವಳು ಸಿಗರೇಟು ಹಿಡಿದು ಹೊರಗೆ ಹೋದಳು.

ಚರ್ಚೆಯ ವಿಷಯವನ್ನು ದೊಡ್ಡ ಹಾಳೆಯ ಮೇಲೆ ಹಸಿರು ಅಕ್ಷರಗಳಲ್ಲಿ ಬರೆದಿದ್ದಳು: ನಿಮ್ಮ ತರಗತಿಯಲ್ಲಿ ಯಾರು ನಿಮ್ಮ ಕಣ್ಣಿಗೆ ಬೀಳುವುದಿಲ್ಲ?

ವಿಟೇನಿಸ್ ಪೆನ್ನು ತೆರೆದ. ಫೋನು ನಡುಗಿತು. ಊರಿನಿಂದ ಮುಖ್ಯೋಪಾಧ್ಯಾಯಿನಿ ಬಿರುಟೆ.

"ಮೇಷ್ಟ್ರೇ, ಎಲ್ಲಿದೀರಿ?"

"ತರಗತಿಯಲ್ಲಿ, ಮೇಡಂ."

"ಹೌದಾ? ನಿಮ್ಮ ಪ್ರಮಾಣಪತ್ರ ಬಂತು. ಕಂಪ್ಯೂಟರೇ ಕಳಿಸಿದೆ. ಹಾಜರಿ ಅರ್ಧ ದಿನ ಅಂತಿದೆ."

"ಅದು ತಪ್ಪು."

"ಹಾಳೆಯ ನಕಲೂ ಜೊತೆಗಿದೆ. ಉಳಿದ ಹನ್ನೊಂದು ಜನ ಐದು ದಿನಾನೂ ಬಂದಿದಾರೆ."

"ಅವರು ಬಂದಿಲ್ಲ ಮೇಡಂ. ಬಂದವನು ನಾನೊಬ್ಬನೇ."

ಮಾತು ಬಾಯಿಂದ ಹೊರಬಿದ್ದ ಮೇಲೆ, ಅದು ಆ ಕಡೆ ಹೇಗೆ ಕೇಳಿಸಿರಬಹುದೆಂದು ಅವನಿಗೆ ಗೊತ್ತಾಯಿತು.

"ಸರಿ" ಎಂದಳು ಬಿರುಟೆ. ಹಟ ಹಿಡಿದ ಮಕ್ಕಳ ಹತ್ತಿರ ಅವಳು ಬಳಸುವ 'ಸರಿ' ಅದು. "ಫೋಟೋ ಕಳಿಸಿ ಅಂದಿದ್ದೆ. ಇಪ್ಪತ್ತಮೂರು ಕಳಿಸಿದೀರಿ. ಒಂದರಲ್ಲೂ ನೀವಿಲ್ಲ."

"ತೆಗೆದವನು ನಾನು."

"ಅದನ್ನ ಫೋಟೋ ಹೇಳಲ್ಲವಲ್ಲ. ವಿಡಿಯೋ ಹಾಕಿ, ನೋಡೋಣ."

ಅವನು ಫೋನನ್ನು ನಿಧಾನವಾಗಿ ಸುತ್ತ ತಿರುಗಿಸಿದ. ಕುರ್ಚಿಗಳು. ಗೋಡೆಯ ಮೇಲೆ ಅವನೊಬ್ಬನದೇ ಕೈಬರಹದ ಅಂಟುಚೀಟಿಗಳು. ಎದುರುಬದುರಾಗಿ ಕೂತ ನಾಲ್ಕು ಕುರ್ಚಿಗಳು.

"ಯಾರೂ ಕಾಣ್ತಿಲ್ಲವಲ್ಲ."

"ಗುಂಪುಚರ್ಚೆ ನಡೀತಿದೆ."

ಬಿರುಟೆ ದನಿ ತಗ್ಗಿಸಿದಳು.

"ಮೇಷ್ಟ್ರೇ, ಆರೋಗ್ಯ ಸರಿಯಿದೆಯಾ?"

"ಇದೆ, ಮೇಡಂ."

"ನೋಡಿ. ಸೋಮವಾರ ಸಮಿತಿ ಕೂಡುತ್ತೆ. ಎರಡು ಶಾಲೆ ಒಂದಾದ್ಮೇಲೆ ಭೌತಶಾಸ್ತ್ರಕ್ಕೆ ಒಬ್ಬರೇ. ಆ ಇನ್ನೊಂದು ಶಾಲೆಯ ಮೇಡಂ ಹತ್ರ ಇಂಥ ಪ್ರಮಾಣಪತ್ರ ನಾಲ್ಕಿವೆ. ನಿಮಗೂ ಒಂದಿರಲಿ ಅಂತ ನಾನು ಓಡಾಡಿ ಇದನ್ನ ಹೊಂದಿಸಿದೆ. ಇವತ್ತು ಐದು ಗಂಟೆಯೊಳಗೆ ಪೂರ್ತಿ ಸಹಿಯಿರೋ ಹಾಳೆ ಬರಲಿ. ಇಲ್ಲದಿದ್ರೆ ಎಲ್ಲರ ಜೊತೆ ನೀವಿರೋ ಒಂದು ಫೋಟೋ. ಒಂದೇ ಸಾಕು. ಇಪ್ಪತ್ತಮೂರು ಬೇಡ."

ಅರ್ಗಿರೋ ಒಳಗೆ ಬಂದಾಗ ಅವನು ಎದ್ದು ನಿಂತಿದ್ದ. ಫೋನಿನ ವಿಷಯ ಹೇಳಿದ. ಅವಳು ಕೇಳಿಸಿಕೊಂಡಳು. ತನ್ನ ತಣ್ಣನೆಯ ಕಾಫಿಯ ಮಂಜುಗಡ್ಡೆಯನ್ನು ಕಡ್ಡಿಯಿಂದ ಚುಚ್ಚಿದಳು.

"ಸೋಮವಾರ ಮಧ್ಯಾಹ್ನಾನೇ ಹಾಳೆ ಆಫೀಸಿಗೆ ಹೋಗುತ್ತೆ, ಮೇಷ್ಟ್ರೇ. ಮತ್ತೆ ತೆಗೆಯೋಕಾಗಲ್ಲ."

"ಸೋಮವಾರವೇ? ಕೊನೆಯ ದಿನ ಮತ್ತೆ ಸಹಿಗೆ ಬರುತ್ತೆ ಅಂದುಕೊಂಡಿದ್ದೆ. ವಾರ ಮುಗಿದಿರೋದಿಲ್ಲವಲ್ಲ."

"ನಮಗೆ ಮುಗಿದಿರುತ್ತೆ." ಅವಳು ಕುರ್ಚಿಯೊಂದರಲ್ಲಿ ಕುಸಿದಳು. ಗುಂಪಿನಲ್ಲಿ ಈಗ ಇಬ್ಬರಾದರು. "ಒಂದು ಮಾತು ಹೇಳ್ಲಾ? ನಾಲ್ಕು ವರ್ಷದಿಂದ ಈ ತರಬೇತಿ ಕೊಡ್ತಿದೀನಿ. ಶುಕ್ರವಾರ ಈ ಬಾಗಿಲು ತೆಗೆದುಕೊಂಡು ಬಂದ ಮೊದಲನೇ ಮನುಷ್ಯ ನೀವು. ಶುಕ್ರವಾರದ ಪಾಠ ಅಂತ ನನ್ನ ಹತ್ರ ಇರಲೇ ಇಲ್ಲ. ನಿಮಗೋಸ್ಕರ ನಿನ್ನೆ ಕೂತು ಮಾಡಿದೆ."

"ಚೆನ್ನಾಗಿದೆ" ಎಂದ ವಿಟೇನಿಸ್, ಮನಸ್ಸಿನಿಂದಲೇ.

"ದೇವರೇ" ಎಂದಳು ಅವಳು.

ಉಪಾಯ ಹೊಳೆದದ್ದು ಅವಳಿಗೇ. ಹೊಸ ಹಾಳೆ ಅಚ್ಚು ಹಾಕಿ ತಂದಳು. ಹನ್ನೆರಡು ಹೆಸರು, ನೂರಿಪ್ಪತ್ತು ಚೌಕ. ಮೊದಲನೆಯದರಲ್ಲಿ ತಪ್ಪಾಗಿತ್ತೆಂದು ಇದನ್ನು ಕಳಿಸಬಹುದು. ಆದರೆ ಹನ್ನೆರಡೂ ಮಂದಿಯ ಸಹಿ ಬೇಕು.

"ಅವರು ದೋಣಿಯಲ್ಲಿದಾರಲ್ಲ."

"ನೀವಿದೀರಲ್ಲ" ಎಂದು ಹಳೆಯ ಹಾಳೆಯ ನಕಲನ್ನು ಪಕ್ಕಕ್ಕಿಟ್ಟಳು. "ನೋಡ್ಕೊಂಡು ಹಾಕಿ. ನಾನು ಕಿಟಕಿ ಕಡೆ ತಿರುಗಿರ್ತೀನಿ."

ಅವಳು ನಿಜವಾಗಿಯೂ ತಿರುಗಿದಳು. ಅವನು ಹಾಕುವುದಿಲ್ಲ ಎಂದು ನಿರ್ಧರಿಸಿದ. ನಿರ್ಧರಿಸಿಯಾದ ಮೇಲೆ, ಸುಮ್ಮನೆ ನೋಡುವುದಕ್ಕೆಂದು, ಒಂದು ಅಂಟುಚೀಟಿಯ ಮೇಲೆ ಸೊರಿನ್ ಎಂಬ ರೊಮೇನಿಯಾದ ಚಿತ್ರಕಲಾ ಶಿಕ್ಷಕನ ಸಹಿಯನ್ನು ಪ್ರಯತ್ನಿಸಿದ. ಒಂದು ಉದ್ದ ಗೆರೆ, ಕೊನೆಗೊಂದು ಕೊಕ್ಕೆ. ಅದು ಸಲೀಸಾಗಿ ಬಂತು. ಇನ್ನೊಮ್ಮೆ ಹಾಕಿದ. ಮೂಲಕ್ಕಿಂತ ಚೆನ್ನಾಗಿತ್ತು, ಅದರಲ್ಲಿ ಸಮುದ್ರಕ್ಕೆ ಹಾರುವವನ ನಿರಾಳವಿತ್ತು. ಬೊಗುಮಿಲಾಳದ್ದು ಗುಂಡುಗುಂಡಾಗಿ ಬಂತು. ಬೆರಳುಗಳಲ್ಲಿ ಏನೋ ಕಚಗುಳಿ. ಹೋಲಿಸಿ ನೋಡಲು ತನ್ನದೇ ಸಹಿಯನ್ನು ಕೆಳಗೆ ಹಾಕಿದ. ಅದು ಮಾತ್ರ ನಡುಗಿತು. ಯಾರೋ ಕದ್ದು ಬರೆದಂತಿತ್ತು.

ಅವನು ಪೆನ್ನು ಮುಚ್ಚಿಟ್ಟ.

"ನನ್ನ ಕೈಲಾಗಲ್ಲ."

"ಆಗುತ್ತೆ. ಗಾಜಿನಲ್ಲಿ ಕಾಣ್ತಿತ್ತು" ಎಂದಳು ಅರ್ಗಿರೋ, ತಿರುಗದೆ.

ಹಾಗಾದರೆ ಉಳಿದದ್ದು ಫೋಟೋ. ಅವನೊಬ್ಬನದನ್ನೇ ತೆಗೆಯಲು ಅವಳು ಒಪ್ಪಲಿಲ್ಲ. ಖಾಲಿ ಹಾಲ್‌ನ ಚಿತ್ರ ಹೊರಗೆ ಹೋದರೆ ನಾಲ್ಕು ವರ್ಷದ ಶುಕ್ರವಾರಗಳೆಲ್ಲ ಎದ್ದು ಬರುತ್ತವೆ ಎಂದಳು. ಅವನು ಬೊಗುಮಿಲಾಗೆ ಫೋನು ಮಾಡಿದ. ಗಾಳಿ, ನೀರು, ಯಾರದೋ ಕಿರುಚಾಟ.

"ಯಾರು? ಅಯ್ಯೋ, ಮಂಗಳವಾರ! ಏನಪ್ಪಾ, ಪಾಠ ಹೇಗಿದೆ?"

"ಚೆನ್ನಾಗಿದೆ. ಮೇಡಂ, ಒಂದು ಗುಂಪಿನ ಫೋಟೋ ಬೇಕಾಗಿತ್ತು. ನೀವೆಲ್ಲ ಐದರೊಳಗೆ..."

"ಬರ್ತೀವಿ ಕಣೋ. ನಾಲ್ಕೂವರೆಗೆಲ್ಲ ದಡ ಸೇರ್ತೀವಿ. ನಮ್ಮನ್ನ ತೆಳ್ಳಗೆ ಕಾಣೋ ಹಾಗೆ ತೆಗೀಬೇಕು ಮತ್ತೆ."

"ತೆಗೆಯೋದು ನಾನಲ್ಲ. ನಾನೂ ಅದರಲ್ಲಿರಬೇಕು."

"ನೀನಾ?" ಎಂದಳು ಬೊಗುಮಿಲಾ. ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ. ನಿಜವಾದ ಆಶ್ಚರ್ಯವಿತ್ತು.

ಎರಡು ಗಂಟೆಗೆ ಅರ್ಗಿರೋ ಚೀಲ ಎತ್ತಿಕೊಂಡಳು. ಈ ಬೇಸಿಗೆಯಲ್ಲಿ ತಾನಿನ್ನೂ ಒಂದು ಸಲವೂ ನೀರಿಗಿಳಿದಿಲ್ಲ, ಎಲ್ಲರೂ ತಾನು ದಿನಾ ಸಮುದ್ರದಲ್ಲೇ ಇರುತ್ತೇನೆ ಅಂದುಕೊಂಡಿದ್ದಾರೆ ಎಂದಳು. ಹಾಲ್ ಐದಕ್ಕೆ ಒಂದು ಮದುವೆಗೆ ಕೊಟ್ಟಾಗಿದೆ, ಅಲ್ಲಿಯವರೆಗೆ ಕೂತಿರಬಹುದು ಎಂದಳು. ಬಾಗಿಲ ಹತ್ತಿರ ನಿಂತು ಹಿಂದೆ ನೋಡಿದಳು.

"ಮೇಷ್ಟ್ರೇ, ನೀವು ಒಳ್ಳೆಯವರು."

ವೈದ್ಯರು ರೋಗದ ಹೆಸರು ಹೇಳುವಂತೆ ಹೇಳಿ ಹೋದಳು.

ಅವನು ಕುಳಿತ. ಮಧ್ಯಾಹ್ನದ ಪಾಠ ಶುರುವಾಗುವ ಹೊತ್ತು. ಹೊಸ ಹಾಳೆಯಲ್ಲಿ ತನ್ನ ಹೆಸರಿನ ಮುಂದಿನ ಒಂಬತ್ತು ಚೌಕಗಳಿಗೆ ಸಹಿ ಹಾಕಿದ. ಹತ್ತನೆಯದಕ್ಕೆ, ಈ ಮಧ್ಯಾಹ್ನದ್ದಕ್ಕೆ, ಸಹಿ ಹಾಕುವುದು ಐದಕ್ಕೋ ಈಗಲೋ ಎಂದು ಯೋಚಿಸಿ, ಐದಕ್ಕೆ ಎಂದು ತೀರ್ಮಾನಿಸಿದ. ಹಸಿರು ಅಕ್ಷರಗಳು ಎದುರಿಗೇ ಇದ್ದವು. ಯಾರು ನಿಮ್ಮ ಕಣ್ಣಿಗೆ ಬೀಳುವುದಿಲ್ಲ?

ಅವನ ಹತ್ತನೇ ತರಗತಿಯಲ್ಲಿ ಎಂಟು ಮಕ್ಕಳು. ಹೆಸರುಗಳನ್ನು ಬರೆಯತೊಡಗಿದ. ಏಳು ಸುಲಭವಾಗಿ ಬಂದವು. ಎಂಟನೆಯದು ಬರಲಿಲ್ಲ. ಕಿಟಕಿಯ ಪಕ್ಕದ ಬೆಂಚು, ಅದರ ಮೇಲೆ ನೀಟಾಗಿ ರಟ್ಟು ಹಾಕಿದ ಪುಸ್ತಕ, ಎಡಕ್ಕೆ ವಾಲಿದ ಸ್ವಚ್ಛವಾದ ಅಕ್ಷರ. ಎಲ್ಲ ಲೆಕ್ಕಗಳೂ ಸರಿ. ಒಂದು ದಿನವೂ ತಪ್ಪಿಸಿದ್ದಿಲ್ಲ. ಹುಡುಗಿ. ಹುಡುಗಿಯೇ? ಹೌದು, ಹುಡುಗಿಯೇ. ಮೂರು ವರ್ಷದಿಂದ ದಿನಾ ಬೆಳಿಗ್ಗೆ ಅವಳ ಹೆಸರು ಕೂಗಿದ್ದಾನೆ. ಮುಖದ ಜಾಗದಲ್ಲಿ ಕಿಟಕಿಯ ಬೆಳಕಷ್ಟೇ ಇತ್ತು. ಹಾಜರಿ ಕೂಗುವಾಗ ತಾನು ಯಾವತ್ತೂ ತಲೆಯೆತ್ತಿ ನೋಡಿರಲಿಲ್ಲ ಎಂಬುದು ಈಗ ನೆನಪಾಯಿತು. ಕೂಗಿಗೆ ಉತ್ತರ ಬರುತ್ತಿತ್ತು. ಗೆರೆ ಹಾಕುತ್ತಿದ್ದ. ಅಷ್ಟು ಸಾಕಾಗಿತ್ತು.

ಏಳು ಹೆಸರಿನ ಕೆಳಗೆ ಎಂಟು ಎಂದು ಬರೆದು, ಮುಂದೆ ಖಾಲಿ ಬಿಟ್ಟ.

ಮೂರೂವರೆಗೆ ಹೋಟೆಲಿನ ಹೆಂಗಸರು ಬಂದರು. ಅವನನ್ನು ಕೇಳದೆ ಅವನ ಸುತ್ತಲಿನ ಕುರ್ಚಿಗಳನ್ನು ಒಯ್ದರು. ಗೋಡೆಯ ಅಂಟುಚೀಟಿಗಳನ್ನು ಕಿತ್ತು ಬುಟ್ಟಿಗೆ ಹಾಕಿದರು. ದುಂಡು ಮೇಜುಗಳು ಬಂದವು, ಬಿಳಿ ಬಟ್ಟೆ ಬಂತು, ಮದುವೆಗೆ ಬಂದವರಿಗೆ ಕೊಡುವ ಸಕ್ಕರೆ ಬಾದಾಮಿಯ ಪುಟ್ಟ ಗಂಟುಗಳು ತಟ್ಟೆತಟ್ಟೆಗೆ ಬಂದವು.

"ನೀವು ಯಾರ ಕಡೆಯವರು? ಹೆಣ್ಣಿನ ಕಡೆಯೋ ಗಂಡಿನ ಕಡೆಯೋ?" ಎಂದು ಒಬ್ಬಳು ಕೇಳಿದಳು.

"ಯಾರ ಕಡೆಯೂ ಅಲ್ಲ."

"ಹಾಗಾದ್ರೆ ಸ್ವಲ್ಪ ಕಾಲೆತ್ತಿ" ಎಂದು ಕೆಳಗೆ ಗುಡಿಸಿದಳು.

ನಾಲ್ಕೂ ನಲವತ್ತಕ್ಕೆ ಬೊಗುಮಿಲಾಳ ಸಂದೇಶ ಬಂತು. ಗಾಳಿ ಎದ್ದಿದೆ, ದೋಣಿಯವನು ಯಾವುದೋ ನಡುಗಡ್ಡೆಯಲ್ಲಿ ನಿಲ್ಲಿಸಿದ್ದಾನೆ, ಬರುವುದು ತಡವಾಗುತ್ತದೆ. ಜೊತೆಗೊಂದು ಚಿತ್ರ: ಹನ್ನೊಂದು ಮಂದಿ, ಒದ್ದೆ ತಲೆ, ಒಬ್ಬರ ಹೆಗಲ ಮೇಲೆ ಒಬ್ಬರ ಕೈ. 'ಗುಂಪಿನ ಫೋಟೋ ಕೇಳಿದ್ದೆಯಲ್ಲ, ತಗೋ' ಎಂದು ಬರೆದಿದ್ದಳು. ಎಲ್ಲರೂ ಬಹಳ ತೆಳ್ಳಗೆ ಕಾಣುತ್ತಿದ್ದರು.

ಅವನು ಅದನ್ನು ಬಿರುಟೆಗೆ ಕಳಿಸಲಿಲ್ಲ. ಅಳಿಸಲೂ ಇಲ್ಲ.

"ಏನ್ರೀ ಸ್ವಾಮಿ, ನಿಮ್ಮನ್ನೇ!"

ಮದುವೆಗೆ ಬಂದಿದ್ದ ಫೋಟೋಗ್ರಾಫರ್. ಐವತ್ತು ದಾಟಿದ ದಪ್ಪ ಹೆಂಗಸು, ಕೊರಳಲ್ಲಿ ಎರಡು ಕ್ಯಾಮೆರಾ. ಹೂವಿನ ಕಮಾನಿನ ಎದುರು ದೀಪಗಳನ್ನು ನಿಲ್ಲಿಸಿಕೊಂಡಿದ್ದಳು. "ಬಿಡುವಾಗಿದೀರಾ? ಇಲ್ಲಿ ಬಂದು ಒಂದು ನಿಮಿಷ ನಿಂತ್ಕೊಳ್ಳಿ. ಮದುಮಗ ನಿಮ್ಮಷ್ಟೇ ಎತ್ತರ."

ಅವನು ಹೋಗಿ ನಿಂತ. ಕಮಾನಿನ ಕೆಳಗೆ ಮದುಮಗಳ ಜಾಗದಲ್ಲಿ ಕೋಟು ನೇತುಹಾಕುವ ಮರದ ಕಂಬವೊಂದಿತ್ತು. ಅದಕ್ಕೆ ಬಿಳಿಯ ಮೇಜುಬಟ್ಟೆ ಹೊದಿಸಿದ್ದರು, ಬಿಳುಪಿನ ಮೇಲೆ ಬೆಳಕು ಹೇಗೆ ಬೀಳುತ್ತದೆಂದು ನೋಡಲು.

"ಗದ್ದ ಮೇಲೆ. ಹಾಗೇ."

ಬೆಳಕು ಫಳ್ಳೆಂದಿತು.

ಅವನು ಕಣ್ಣುಜ್ಜಿಕೊಂಡ. "ಅದನ್ನ ನನಗೆ ಕಳಿಸ್ತೀರಾ?"

"ಯಾವುದನ್ನ?"

"ಫೋಟೋನ."

"ಅದು ಫೋಟೋ ಅಲ್ಲಪ್ಪ, ಬೆಳಕು ನೋಡಿದ್ದು." ಅವಳು ಕ್ಯಾಮೆರಾದ ಪರದೆಯನ್ನು ಅವನ ಕಡೆ ತಿರುಗಿಸಿದಳು. ಕಂಬ ಸ್ಪಷ್ಟವಾಗಿತ್ತು, ಬಟ್ಟೆಯ ಒಂದೊಂದು ನೆರಿಗೆಯೂ ಮೂಡಿತ್ತು. ಅದರ ಪಕ್ಕದಲ್ಲಿ ಅವನ ಕೋಟು, ಕೋಟಿನ ಮೇಲೆ ಮುಖದ ಜಾಗದಲ್ಲಿ ಹೆಚ್ಚು ಬೆಳಕಿಗೆ ಸುಟ್ಟ ಬಿಳುಪು. "ನೋಡಿ, ನಿಮ್ಮ ಮುಖ ನಿಲ್ತಾನೇ ಇಲ್ಲ. ಬೆಳಕು ಇಳಿಸ್ಬೇಕು." ಹೆಬ್ಬೆರಳಿನಿಂದ ಅಳಿಸಿದಳು.

"ಇನ್ನೊಂದು ತೆಗೀತೀರಾ?"

"ಸರಿಹೋಗೋವರೆಗೂ ತೆಗೀಲೇಬೇಕಲ್ಲ. ಸ್ವಲ್ಪ ಹತ್ತಿರ ಹೋಗಿ. ಜಗಳ ಆಡಿದವರ ಥರ ನಿಂತಿದೀರಲ್ಲ."

ಹೊರಗೆ ಕಾರುಗಳು ಬಂದು ನಿಲ್ಲುತ್ತಿದ್ದವು. ಹಾರನ್ನುಗಳು, ನಗು, ಮೆಟ್ಟಿಲ ಮೇಲೆ ಹೆಜ್ಜೆಗಳು. ಮೇಜಿನ ಮೇಲೆ ಅವನ ಫೋನು ಬಿರುಟೆಯ ಹೆಸರು ತೋರಿಸಿ ನಡುಗಿ, ಅಂಚಿನವರೆಗೆ ಜರುಗಿ, ನಿಂತಿತು.

ವಿಟೇನಿಸ್ ಒಂದು ಹೆಜ್ಜೆ ಹತ್ತಿರ ಸರಿದ. ಮೇಜುಬಟ್ಟೆಯ ಅಂಚನ್ನು ಮೆಲ್ಲನೆ ಬೆರಳುಗಳ ನಡುವೆ ಹಿಡಿದುಕೊಂಡ, ತಲೆಯನ್ನು ಕಂಬದ ಕಡೆಗೆ ತುಸು ವಾಲಿಸಿದ, ಕಣ್ಣು ಮಿಟುಕಿಸದೆ ನಕ್ಕ.