ಹಲ್ಲಿನ ನಡುವಿನ ಗುಂಡಿ

"ಏನು ಮುಖವಾಡದಮ್ಮ, ಗುಂಡಿ ನುಂಗಿಬಿಟ್ರಾ?"

ಕನ್ಯಾಮಠದ ಭೇಟಿಕೋಣೆಯ ಜಾಲರಿಯ ಆಚೆಯಿಂದ ಆಂಜೋಲಾ ನಕ್ಕಳು. ನಕ್ಕಾಗ ಮುಂದಿನ ಎರಡು ಹಲ್ಲುಗಳ ನಡುವಿನ ಅಗಲವಾದ ಸಂದು ಕಾಣಿಸಿತು.

ಜಾಲರಿಯ ಈಚೆ ಓರ್ಸೆಟ್ಟಾ ಇಲ್ಲವೆಂದು ತಲೆಯಾಡಿಸಿದಳು. ಅವಳ ಮುಖದ ಮೇಲಿದ್ದ ಕಪ್ಪು ಮಖಮಲ್ಲಿನ ದುಂಡು ಮುಖವಾಡಕ್ಕೆ ಬಾಯಿಯೂ ಇರಲಿಲ್ಲ, ಕಟ್ಟಲು ದಾರವೂ ಇರಲಿಲ್ಲ. ಒಳಗೆ ಹೊಲಿದ ಗುಂಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕು. ಬಾಯಿಬಿಟ್ಟರೆ ಬಿತ್ತು.

ವೆನಿಸ್ಸಿನಲ್ಲಿ ಕಾರ್ನಿವಾಲ್ ಹಬ್ಬ ಮುಗಿಯುವವರೆಗೆ ಮುಖವಾಡ ತೊಟ್ಟವರನ್ನು ಕನ್ಯಾಮಠದ ಬಾಗಿಲಲ್ಲೂ ಹೆಸರು ಕೇಳುವುದಿಲ್ಲ. ಬೇರೆ ದಿನವಾಗಿದ್ದರೆ ಅವಳನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ. ದೊಡ್ಡ ಮನೆಯೊಂದರಲ್ಲಿ ಹೊಲಿಗೆಗಿದ್ದು, ಯಜಮಾನನ ಮಗುವನ್ನು ಹೆತ್ತವಳು ಅವಳು. ಮಗು ಮಠ ಸೇರಿತು. ತಾಯಿ ಜ್ವರ ಬಂದು ಸತ್ತಳೆಂದು ಅದಕ್ಕೆ ಹೇಳಿದ್ದರು. ಮತ್ತೆಂದಾದರೂ ಮುಖ ತೋರಿಸಿದರೆ ಹುಡುಗಿಯನ್ನು ಯಾರೂ ಹೋಗಲಾಗದ ದ್ವೀಪದ ಮಠಕ್ಕೆ ಸಾಗಿಸುತ್ತೇವೆಂದು ಯಜಮಾನನ ಅಕ್ಕ ಲುಗ್ರೇಸಿಯಾ ಎಚ್ಚರಿಸಿದ್ದಳು.

ನಾಳೆ ಆಂಜೋಲಾಳ ದೀಕ್ಷೆ. ಆಮೇಲೆ ಅವಳ ಮುಖ ಮುಸುಕಿನೊಳಗೆ.

ಲುಗ್ರೇಸಿಯಾ ಪಕ್ಕದ ಬೆಂಚಿನಲ್ಲೇ ಕೂತಿದ್ದಳು, ತನ್ನ ಬಿಳಿ ಮುಖವಾಡವನ್ನು ಟೋಪಿಯ ಮೇಲೆ ಸರಿಸಿಕೊಂಡು. ಅವಳ ಬೀಸಣಿಗೆ ನಿಂತಿತು.

"ಈ ಬೆರಳುಗಳನ್ನ ಎಲ್ಲೋ ನೋಡಿದ ಹಾಗಿದೆಯಲ್ಲ. ಸೂಜಿ ಹಿಡಿದ ಕೈ."

ಓರ್ಸೆಟ್ಟಾ ಕೈಯನ್ನು ಶಾಲಿನೊಳಗೆ ಎಳೆದುಕೊಂಡಳು.

"ಮುಖವಾಡ ತೆಗೀರಿ ಅನ್ನಬಾರದು, ಅದು ಮರ್ಯಾದೆಯಲ್ಲ. ಬಾಯಿ ಬಿಡಿಸೋದು ಆಟ ತಾನೆ? ಆಂಜೋಲಾ, ನೀನು ಕರಿದ ಉಂಡೆ ಕೊಡೇ ಅವರಿಗೆ. ಬೇಡ ಅಂತಾರಾ ನೋಡೋಣ."

ಸಕ್ಕರೆ ಹೊರಳಿಸಿದ ಉಂಡೆಯೊಂದು ಜಾಲರಿಯ ಕಿಂಡಿಯಿಂದ ಈಚೆ ಬಂತು.

"ಒಣದ್ರಾಕ್ಷಿ ಹಾಕಿ ನಾನೇ ಮಾಡಿದ್ದು. ಬಿಸಿ ಇರುವಾಗಲೇ ತಿಂದುಬಿಡಿ. ಮನೆಗೆ ಕಟ್ಟಿಕೊಂಡು ಹೋದ್ರೆ ನಂಗೆ ಸಿಟ್ಟು ಬರುತ್ತೆ, ಹೇಳಿದೀನಿ."

ಹದಿನಾರು ವರ್ಷ ಓರ್ಸೆಟ್ಟಾ ಆ ಕೈಯಿಂದ ಒಂದು ತುತ್ತನ್ನೂ ತಿಂದಿರಲಿಲ್ಲ. ಪಕ್ಕದ ಬೆಂಚು ಕಿರುಗುಟ್ಟಿತು. ಲುಗ್ರೇಸಿಯಾ ಎದ್ದಿದ್ದಳು. ರೇಷ್ಮೆಯ ಸರಬರ ಹತ್ತಿರವಾಯಿತು.

ಓರ್ಸೆಟ್ಟಾ ಶಾಲನ್ನು ಎರಡೂ ಕೆನ್ನೆಗಳ ಮುಂದಕ್ಕೆ ಎಳೆದು, ಜಾಲರಿಗೆ ಹಣೆ ತಾಗುವಷ್ಟು ಬಾಗಿದಳು. ಬಾಯಿ ತೆರೆದಳು. ಮುಖವಾಡ ಅಂಗೈಗೆ ಜಾರಿತು.

ಅವಳು ಉಂಡೆಯನ್ನು ಕಚ್ಚಿದಳು. ಮುಂದಿನ ಎರಡು ಹಲ್ಲುಗಳ ನಡುವೆ, ಗುಂಡಿಯಿದ್ದ ಕಡೆ, ಅಗಲವಾದ ಸಂದು.

ಆಂಜೋಲಾಳ ನಗು ಅರ್ಧಕ್ಕೇ ನಿಂತಿತು.

"ಯಾರೇ ಅದು? ಗುರುತು ಸಿಕ್ತಾ?" ಲುಗ್ರೇಸಿಯಾಳ ಕೈ ಶಾಲಿನ ಮೇಲೆ ಬಿದ್ದಿತ್ತು.

ಆಂಜೋಲಾ ಮೂಗು ಮುರಿದಳು.

"ಯಾರೋ ಅಜ್ಜಿ, ಅತ್ತೆ. ಹಲ್ಲೆಲ್ಲ ಹುಳುಕು. ಥೂ, ನೋಡೋಕಾಗಲ್ಲ."

ಲುಗ್ರೇಸಿಯಾ ಗಹಗಹಿಸಿ ನಕ್ಕು ಕೈ ತೆಗೆದಳು. "ಅದಕ್ಕೇ ಇಷ್ಟು ಬಚ್ಚಿಡೋದು!" ಎನ್ನುತ್ತ ಬೆಂಚಿಗೆ ಮರಳಿದಳು.

ಓರ್ಸೆಟ್ಟಾ ಮುಖವಾಡವನ್ನು ಎತ್ತಿ ಗುಂಡಿಯನ್ನು ಮತ್ತೆ ಕಚ್ಚಿದಳು. ಅದಕ್ಕೆ ಸಕ್ಕರೆ ಅಂಟಿತ್ತು.

ಆಂಜೋಲಾ ಆಮೇಲೆ ನಗಲಿಲ್ಲ. ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡು ಇನ್ನೊಂದು ಉಂಡೆಯನ್ನು ಕಿಂಡಿಯಿಂದ ಚಾಚಿದಳು. ಕೈ ಹಿಂದಕ್ಕೆ ತೆಗೆಯಲಿಲ್ಲ. ಬೆರಳುಗಳಿಂದ ಸಕ್ಕರೆ ಕಲ್ಲುಹಾಸಿನ ಮೇಲೆ ಉದುರುತ್ತಲೇ ಇತ್ತು.